ದೆವ್ವಕ್ಕೆ ಅಂಜದ ಬಿಕ್ಕಳಿಕೆ

ಎಲ್ಲಕ್ಕೂ ಮೂಲ ಒಂದು ತುತ್ತು ಶೇಂಗಾ ಹಿಂಡಿ ಚಟ್ನಿ. ಅದನ್ನು ನಿಧಾನವಾಗಿ ಅಗಿದು, ಮೇಲೊಂದು ಗುಟುಕು ಮಜ್ಜಿಗೆ ಕುಡಿದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ಅವತ್ತು ಮುಂಜಾನೆ ವಾಡಿಯ ಅಂಬರಾಯನ ಬಾಯಿಗೆ ಒಂದೇ ಹೊತ್ತಿಗೆ ಎರಡು ಕೆಲಸ ಬಿದ್ದಿದ್ದವು. ಕಟಕ ರೊಟ್ಟಿ ಮುರಿಯುವುದು ಒಂದು, ಬಾಯಿಪಾಠ ಒಪ್ಪಿಸುವುದು ಇನ್ನೊಂದು.

“ಮಾನ್ಯ ನಾಗರಿಕರೇ, ಕಸದ ಗಾಡಿ ಬಂದಿದೆ. ಹಸಿ ಕಸ ಬೇರೆ, ಒಣ ಕಸ ಬೇರೆ, ಹಿಕ್!”

ಒಲೆಯ ಮುಂದಿದ್ದ ಹೆಂಡತಿ ಮಾಣಿಕಮ್ಮ ತಿರುಗಿ ನೋಡಿದಳು. “ಹಸೀದು ಗೊತ್ತು, ಒಣೀದು ಗೊತ್ತು. ಇದ್ಯಾವ ಮೂರನೇ ಕಸಾರಿ?”

“ಕಸ ಅಲ್ಲ, ಹಿಕ್, ಬಿಕ್ಕಳಿಕಿ.”

ಬೇರೆ ದಿನವಾಗಿದ್ದರೆ ನಕ್ಕು ಬಿಡುವ ಮಾತು. ಅವತ್ತು ಮಾತ್ರ ಅಂಬರಾಯನ ಮುಖ ಹಳಸಿದ ಹಿಟ್ಟಿನಂತೆ ಇಳಿದುಹೋಯಿತು. ಸಂಜೆ ನಾಲ್ಕಕ್ಕೆ ಶಹಾಬಾದಿನ ಸ್ಟುಡಿಯೋದಲ್ಲಿ ಅವನ ದನಿ ರೆಕಾರ್ಡ್ ಆಗಬೇಕಿತ್ತು. ಊರಿನ ಕಸದ ಗಾಡಿಗಳಲ್ಲಿ ಅಷ್ಟು ದಿನ ಕೂಗುತ್ತಿದ್ದುದು ಎಲ್ಲಿಂದಲೋ ತರಿಸಿದ ಒಂದು ತೆಳ್ಳನೆಯ ದನಿ. ಅದು ಮಾತಾಡುವ ಗ್ರಂಥಗನ್ನಡ ಕೇಳಿ ಜನ ಯಾವುದೋ ವಿಮೆ ಮಾರುವವರು ಬಂದರೆಂದು ಬಾಗಿಲು ಮುಚ್ಚುತ್ತಿದ್ದರು. ಕಸದ ಗಾಡಿ ಎಂದು ತಿಳಿಯುವಷ್ಟರಲ್ಲಿ ಗಾಡಿ ಓಣಿ ದಾಟಿರುತ್ತಿತ್ತು. ಸ್ವಚ್ಛತೆಯ ಕೆಲಸ ನೋಡಿಕೊಳ್ಳಲು ಹೊಸದಾಗಿ ಬಂದ ಮೇಡಂ, ಈ ಮಣ್ಣಿನ ದನಿಯೇ ಬೇಕೆಂದು ಹುಡುಕುತ್ತಿದ್ದರು. ವಾರ್ಡಿನ ಸಭೆಯಲ್ಲಿ ಮೈಕು ಕೆಟ್ಟು ಗದ್ದಲವಾದಾಗ ಕೊನೆಯ ಸಾಲಿನಿಂದ ಅಂಬರಾಯ “ಎಲ್ಲಾರೂ ಕುಂದ್ರಿ!” ಎಂದದ್ದೇ ತಡ, ನಿಂತವರಷ್ಟೇ ಅಲ್ಲ, ಹೊರಗೆ ಹೊರಟಿದ್ದ ಒಬ್ಬ ಪೊಲೀಸನೂ ಕುಳಿತುಬಿಟ್ಟಿದ್ದ. ಮೇಡಂ ಅಲ್ಲೇ ತೀರ್ಮಾನಿಸಿದರು.

ಆ ದನಿ ಅವನಿಗೆ ಬಳುವಳಿಯಾಗಿ ಬಂದದ್ದು. ಅವನ ಅಜ್ಜ ಕಾಗಿಣಾ ನದಿಯಲ್ಲಿ ತೆಪ್ಪ ಹಾಕುತ್ತಿದ್ದ. ಈ ದಂಡೆಯಲ್ಲಿ “ಬರ್ರೋ” ಎಂದು ಕೂಗಿದರೆ ಆ ದಂಡೆಯ ಎಮ್ಮೆಗಳೂ ಹೊರಟು ನಿಲ್ಲುತ್ತಿದ್ದವಂತೆ. ಮೊಮ್ಮಗನ ಪಾಲಿಗೆ ನದಿಯೂ ಇಲ್ಲ, ತೆಪ್ಪವೂ ಇಲ್ಲ. ಹಾಸುಗಲ್ಲಿನ ಡಿಪೋದಲ್ಲಿ ಗುಮಾಸ್ತಿಕೆ. ಕಲ್ಲು ಕೊಯ್ಯುವ ಗರಗಸದ ಮುಂದೆ ಯಾರ ದನಿಗೆ ಬೆಲೆ? ಅವನ ಹತ್ತಿರ ಇದ್ದದ್ದೊಂದನ್ನು ಯಾರಾದರೂ ಬೇಕೆಂದು ಕೇಳಿದ್ದು ಇದೇ ಮೊದಲು. ಮೇಡಂ ನಂಬರು ಕೊಟ್ಟಾಗ ಹೆಸರು ಕೇಳಲು ಸಂಕೋಚವಾಗಿ ಫೋನಿನಲ್ಲಿ “ಕಸದ ಮೇಡಂ” ಎಂದು ಬರೆದುಕೊಂಡಿದ್ದ. ಊರಿಗೆಲ್ಲ ಆಕೆ ಕಸದ ಮೇಡಮ್ಮೇ. ಹೋಗುವಾಗ ಆಕೆ ಒಂದು ಮಾತು ಹೇಳಿದ್ದರು: “ನೀವು ಬರಲಿಲ್ಲಂದ್ರ ಸಾಬಣ್ಣ ಅದಾನ.”

ಸಾಬಣ್ಣನೆಂದರೆ ಆಟೋದ ಮೇಲೆ ಮೈಕಿನ ಕರ್ಣ ಕಟ್ಟಿಕೊಂಡು ಸೀರೆ ಸೇಲಿನಿಂದ ಹಿಡಿದು ಕಳೆದುಹೋದ ಆಡಿನ ತನಕ ಎಲ್ಲವನ್ನೂ ಒಂದೇ ರಾಗದಲ್ಲಿ ಕೂಗುವವನು.

ಮಾಣಿಕಮ್ಮ ಸಕ್ಕರೆ ತಿನ್ನಿಸಿದಳು. ಮೂಗು ಹಿಡಿದು ನೀರು ಕುಡಿಸಿದಳು. ಚರಿಗೆಯನ್ನು ಆಚೆ ಅಂಚಿನಿಂದ ಕುಡಿಯಬೇಕೆಂದಾಗ ನೀರು ಇಸ್ತ್ರಿಯ ಅಂಗಿಯ ಮೇಲೆ ಹರಿಯಿತು; ಬಿಕ್ಕಳಿಕೆ ಇದ್ದಲ್ಲೇ ಇತ್ತು. ಕೊನೆಗೆ ಅವಳು ತನಗೆ ಪೂರ್ತಿ ನಂಬಿಕೆಯಿದ್ದ ಮದ್ದಿಗೆ ಬಂದಳು. ಬಿಕ್ಕಳಿಕೆ ಬಂತೆಂದರೆ ಎಲ್ಲೋ ಯಾರೋ ನೆನೆಯುತ್ತಿದ್ದಾರೆ ಎಂದೇ ಅರ್ಥ. ಒಬ್ಬೊಬ್ಬರ ಹೆಸರು ಹೇಳುತ್ತ ಹೋಗಬೇಕು. ಸರಿಯಾದ ಹೆಸರು ಬಂದ ಕೂಡಲೇ ಬಿಕ್ಕಳಿಕೆ ನಿಲ್ಲುತ್ತದೆ. ಮಾಣಿಕಮ್ಮ ಇದನ್ನು ಡಾಕ್ಟರ ಚೀಟಿಗಿಂತ ಹೆಚ್ಚು ನಂಬಿದವಳು.

“ಕೊಡ್ಲಿ ಅತ್ತಿ?”

“ಹಿಕ್.”

“ಮುಧೋಳ ಮಾವ?”

“ಹಿಕ್.”

“ನಿಮ್ಮ ಡಿಪೋ ಸಾವ್ಕಾರ?”

“ಹಿಕ್, ಹಿಕ್!”

“ಅಂವ ಅಲ್ಲ ಬಿಡ್ರಿ. ಪಗಾರದ ದಿನಾನೇ ನೆನಸಂಗಿಲ್ಲ, ಇವತ್ತೇನ್ ನೆನಸ್ತಾನ?”

ಗೋಡೆಯಾಚೆಯಿಂದ ಸರ್ವರಬೇಗಂಳ ತಲೆ ಮೇಲೆದ್ದಿತು. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಗೊತ್ತಾಗುವುದು ಅವಳಿಗೆ. “ಅಗೇ ಮಾಣಿಕಮ್ಮಾ, ಮನ್ಯಾಗ ಕಪ್ಪಿ ಹೊಕ್ಕಾದೇನ?”

“ಕಪ್ಪಿ ಅಲ್ಲವ್ವಾ, ನಮ್ಮನೇರು.”

“ಹೆಸರು ಪಸರು ಹೇಳಿದ್ರ ಹೋಗಂಗಿಲ್ಲ ಅದು. ಅಂಜಿಸಬೇಕು! ಒಮ್ಮೆಲೆ ಎದಿ ಝಲ್ ಅನ್ನಬೇಕು. ಭಾಯಿ, ಜರಾ ಆ ಕಡಿ ತಿರುಗ್ರಿ, ನಾ ಹಿಂದಿಂದ ಬಂದು ಅಂಜಿಸ್ತೀನಿ.”

ಅಂಬರಾಯ ವಿಧೇಯನಾಗಿ ಆ ಕಡೆ ತಿರುಗಿ ನಿಂತ. ಅವಳು ಬಳೆ ಗಲಗಲಿಸುತ್ತ, ಏದುಸಿರು ಬಿಡುತ್ತ ಬಂದು “ಭೌ!” ಎಂದಳು. ಅಂಬರಾಯ “ಹಿಕ್” ಎಂದ. ಅದು ಉತ್ತರ ಕೊಟ್ಟಂತೆ ಇತ್ತು.

ಅಷ್ಟರಲ್ಲಿ ಸುದ್ದಿ ಮೂಲೆಯ ಮೊಬೈಲ್ ರಿಪೇರಿ ಅಂಗಡಿ ಮುಟ್ಟಿ, ಅಲ್ಲಿಂದ ಚೌಡೇಶ ಶಟರ್ ಅರ್ಧ ಎಳೆದು ಓಡಿ ಬಂದ. ಚೌಡೇಶ ಓಣಿಯ ದೆವ್ವದ ಸಿನೆಮಾದ ಪಂಡಿತ. ಯಾವ ದೇಶದ ದೆವ್ವವಾದರೂ ಸರಿ, ಬಿಡುಗಡೆಯಾದ ವಾರ ಅವನ ಫೋನಿಗೆ ಹಾಜರಿ ಹಾಕಬೇಕು. ಸಿನೆಮಾಕ್ಕೆ ಅವನು ಚುಕ್ಕೆ ಕೊಡುತ್ತಿರಲಿಲ್ಲ. ತನ್ನ ಮೈಮೇಲಾದ ಪರಿಣಾಮ ಹೇಳುತ್ತಿದ್ದ. “ಅದು ನೋಡಿ ವಾರಗಟ್ಲೆ ಕನ್ನಡಿ ನೋಡದೇ ಗಡ್ಡ ಕೆರಕೊಂಡೀನಿ” ಎಂದರೆ ಒಳ್ಳೆಯ ಸಿನೆಮಾ. “ಅದು ನೋಡಿದ ಮ್ಯಾಲ ನಮ್ಮವ್ವನ್ನ ಬಚ್ಚಲ ಬಾಗಲದಾಗ ನಿಲ್ಲಿಸಿ ಜಳಕ ಮಾಡೀನಿ” ಎಂದರೆ ಶ್ರೇಷ್ಠ ಸಿನೆಮಾ.

“ಅಣ್ಣಾ, ನಿಮಗ ಎರಡು ಸಿನೆಮಾ ಬರದು ಕೊಡ್ತೀನಿ” ಎಂದ ಅವನು, ಡಾಕ್ಟರನ ಗತ್ತಿನಲ್ಲಿ. “ಎರಡೂ ಈಗಿನವು. ಮೊದಲಿನ್ಹಂಗ ಬಿಳಿ ಸೀರಿ, ಕಿಟಾರ್ ಅಂತ ಕಿರಚೋದು ಇಲ್ಲ ಇದರಾಗ. ಈಗಿನ ದೆವ್ವ ಭಾಳ ಕಮ್ಮಿ ಮಾತಾಡ್ತಾವ.”

“ಕಿರಚಲಾರದ ದೆವ್ವ ಏನ್ ದೆವ್ವೋ?” ಸರ್ವರಬೇಗಂ ಕೇಳಿದಳು. “ಮಟನ್ ಇಲ್ಲದ ಬಿರಿಯಾನಿ.”

“ಕಾಕೂ, ಅಂಜಿಕಿ ಇರೋದು ಬಾಗಲಾ ತಗದ ಮ್ಯಾಲ ಅಲ್ಲ, ತಗಿಯೋಕಿಂತ ಮೊದಲು. ಸಪ್ಪಳ ಇರಬಾರದು. ಏನೋ ಆಗ್ತದ, ಏನೋ ಆಗ್ತದ ಅಂತ ಕಾಯಿಸಬೇಕು. ಕಾಯಿಸಿ ಕಾಯಿಸಿ ಆಗಲಾರದಂಗ ಇಡಬೇಕು. ಅದು ಕಲೆ.”

ದೊಡ್ಡ ಟೀವಿ ಇದ್ದದ್ದು ಸರ್ವರಬೇಗಂಳ ಮನೆಯಲ್ಲಿ. ಕಣ್ಣು ಸರಿಯಾಗಿ ಕಾಣುವುದಿಲ್ಲವೆಂದು ಮಗ ಕೊಡಿಸಿದ್ದು ಗೋಡೆಯಷ್ಟೇ ಅಗಲವಿತ್ತು. ಹಾಡಹಗಲೇ ಕಿಟಕಿಗೆ ಕೌದಿ ಕಟ್ಟಿ ಕತ್ತಲು ಮಾಡಿದರು. ಚೌಡೇಶ ಸಿನೆಮಾದ ಪೆನ್ ಡ್ರೈವ್ ಟೀವಿಗೆ ಹಚ್ಚಿ, ನಡುವೆ ಫೋನು ಬಂದರೆ ಅಂಜಿಕೆ ಒಡೆಯುತ್ತದೆಂದು ಎಲ್ಲರ ಫೋನನ್ನೂ ಬಂದ್ ಮಾಡಿ ಜೋಳದ ಡಬ್ಬಿಗೆ ಹಾಕಿದ. ಮಾಣಿಕಮ್ಮ “ನಂಗ ರೊಟ್ಟಿ ಬಡೀಲಿಕ್ಕದ, ದೆವ್ವ ನೀವೇ ನೋಡ್ರಿ” ಎಂದು ಮನೆಗೆ ಹೋದಳು. ಅವಳು ಎದ್ದ ಜಾಗದಲ್ಲಿ, ಯಾರೂ ಕರೆಯದೆ, ಸಾಬಣ್ಣ ಬಂದು ಕುಳಿತ.

“ಏನಿಲ್ಲ, ಆರಾಮಾಗಲಿ ಅಂತ ಬಂದೆ” ಎಂದ ಸಾಬಣ್ಣ. ತಲೆಗೆ ಎಣ್ಣೆ ಹಚ್ಚಿ, ಹೊಸ ಶರ್ಟು ತೊಟ್ಟಿದ್ದ. “ಅಂಬರಾಯ, ನೀ ಏನೂ ತಲಿ ಕೆಡಿಸ್ಕೋಬ್ಯಾಡ. ನಾ ಎದಕ್ಕೂ ಇರಲಿ ಅಂತ ಮುಂಜಾನಿಂದ ಬಿಸಿ ನೀರೇ ಕುಡಿಯಾಕತ್ತೀನಿ.”

ಅದನ್ನು ಕೇಳಿ ಅಂಬರಾಯ ಎರಡು ಬಾರಿ ಬಿಕ್ಕಳಿಸಿದ.

ಮೊದಲನೆಯ ಸಿನೆಮಾ ಯಾವುದೋ ಚಳಿ ದೇಶದ್ದು. ಒಂದು ಕುಟುಂಬ ದೊಡ್ಡ ಹಳೆಯ ಬಂಗಲೆಗೆ ಬರುತ್ತದೆ. ಗೋಡೆಗೆ ಮುಖ ಮಾಡಿಟ್ಟ ಒಂದು ಕುರ್ಚಿ ದಿನಕ್ಕಿಷ್ಟು ಈ ಕಡೆ ತಿರುಗುತ್ತ ಬರುತ್ತದೆ. ಅಷ್ಟೇ. ಕುರ್ಚಿಯಲ್ಲಿ ಯಾರೂ ಇಲ್ಲ. ಚೌಡೇಶ ಆಗಲೇ ಮೊಳಕಾಲು ಎದೆಗೆ ಅಪ್ಪಿದ್ದ. ಮೇಲಿನ ಮಾಳಿಗೆಯಲ್ಲಿ ಯಾರೋ ನಡೆದಂತೆ ಕಿರ್, ಕಿರ್ ಎಂದಿತು.

“ಕಟ್ಟಿಗಿ ನೆಲ” ಎಂದ ಅಂಬರಾಯ.

“ಏನಣ್ಣಾ?”

“ಕಟ್ಟಿಗಿ ನೆಲ ಹಾಕ್ಯಾರ, ಅದಕ್ಕ ಕಿರ್ ಅಂತದ. ಹಿಕ್. ಇಷ್ಟು ದೊಡ್ಡ ಮನಿ ಕಟ್ಟಿ ನೆಲಕ್ಕ ಪಟ್ಟಿ ಹೊಡದಾರಲ್ಲ! ನಮ್ಮ ಶಾಬಾದಿ ಕಲ್ಲು ಹಾಕಿಸಿದ್ರ ದೆವ್ವಕ್ಕ ಸಪ್ಪಳಾ ಮಾಡಾಕ ಎಲ್ಲಿ ಆಗ್ತಿತ್ತು? ತಂಪೂ ಇರ್ತಿತ್ತು, ಸಾರಸೋ ತ್ರಾಸೂ ಇಲ್ಲ.”

“ಅಣ್ಣಾ, ಕುರ್ಚಿ ನೋಡ್ರಿ, ಕುರ್ಚಿ!”

“ನೋಡಿದೆ. ಹಿಕ್. ಸಾಗವಾನಿ.”

ಕುರ್ಚಿ ಪೂರ್ತಿ ತಿರುಗಿದಾಗ ಚೌಡೇಶ ಕಣ್ಣು ಮುಚ್ಚಿದ್ದ, ಸರ್ವರಬೇಗಂ ದೆವ್ವ ಯಾವಾಗ ಬರುತ್ತದೆಂದು ಕೇಳುತ್ತಿದ್ದಳು, ಸಾಬಣ್ಣ ಗಡಿಯಾರ ನೋಡುತ್ತಿದ್ದ. ಅಂಬರಾಯ ಆ ಮನೆಯ ಪಡಸಾಲೆಗೆ ಎಷ್ಟು ಕಲ್ಲು ಬೇಕಾದೀತೆಂದು ಲೆಕ್ಕ ಹಾಕುತ್ತಿದ್ದ.

ಎರಡನೆಯದು ಮೂಡಣ ದೇಶದ್ದು. “ಇದು ಬೆರಕಿ” ಎಂದು ಚೌಡೇಶ ಮೊದಲೇ ಎಚ್ಚರಿಸಿದ. “ಇದು ನೋಡಿದ ಮ್ಯಾಲ ನಾ ನಮ್ಮ ಅಜ್ಜಿ ಫೋಟೋ ಕಪಾಟದಾಗ ಇಟ್ಟು ಕೀಲಿ ಹಾಕೀನಿ.” ಅದರಲ್ಲಿ ಮನೆಯ ಫೋಟೋಗಳಲ್ಲೆಲ್ಲ ಸತ್ತ ಅಜ್ಜಿ ಒಂದು ಮೂಲೆಯಲ್ಲಿ ಕಾಣಿಸುತ್ತಾಳೆ, ಒಂದೊಂದು ಫೋಟೋಕ್ಕೂ ಚೂರು ಹತ್ತಿರ ಬರುತ್ತಾಳೆ. ಹಾಡಿಲ್ಲ, ವಾದ್ಯವಿಲ್ಲ. ಪುಟ್ಟ ಹುಡುಗಿಯೊಂದು ಹಾಸಿಗೆಯಲ್ಲಿ ಎದ್ದು ಕುಳಿತು ಮೂಲೆಯ ಕಡೆ ನೋಡುತ್ತಾಳೆ. ಮಾತಿಲ್ಲ. ಟೀವಿಯಲ್ಲಿ ಉಸಿರಿನ ಸಪ್ಪಳ ಕೂಡ ನಿಂತಿತು. ಕೋಣೆಯಲ್ಲೂ ನಿಂತಿತು. ಸಾಬಣ್ಣ ಚಹಾದ ಬಸಿಯನ್ನು ತುಟಿಯ ಹತ್ತಿರ ಹಿಡಿದವನು ಹಿಡಿದಂತೆಯೇ ಇದ್ದ. ಸರ್ವರಬೇಗಂ ಮೊದಲ ಬಾರಿಗೆ ಬಾಯಿ ಮುಚ್ಚಿದ್ದಳು. ಹುಡುಗಿ ನಿಧಾನವಾಗಿ ಕೈ ಎತ್ತಿ ಮೂಲೆಗೆ ಬೆರಳು ತೋರಿಸಿದಳು.

“ಹಿಕ್!”

“ಯಪ್ಪೋ!” ಚಹಾ ಸಾಬಣ್ಣನ ಹೊಸ ಶರ್ಟಿಗೆ ಹೋಯಿತು. ಸರ್ವರಬೇಗಂ ಕೈಗೆ ಸಿಕ್ಕ ಅಡಕಿ ಡಬ್ಬಿಯನ್ನು ಟೀವಿಯ ಅಜ್ಜಿಗೆ ಬೀಸಿದಳು. ಅದು ಚೌಡೇಶನ ನೆತ್ತಿಗೆ ಬಿತ್ತು. ಚೌಡೇಶ ಅಜ್ಜಿಯೇ ಹೊಡೆದಳೆಂದು ತಿಳಿದು ಮಂಚದ ಕೆಳಗೆ ಹೊಕ್ಕ.

ಬಿಕ್ಕಳಿಸಿದವನು ಮಾತ್ರ ಮುಜುಗರದಿಂದ “ತಪ್ಪಾತ್ರಿ” ಎಂದ.

“ಅಣ್ಣಾ,” ಮಂಚದ ಕೆಳಗಿಂದ ಚೌಡೇಶ ಗೋಗರೆದ, “ಇಂಥಾ ಸಿನೆಮಾದ ಜೀವ ಇರೋದೇ ಸಪ್ಪಳಾ ಇಲ್ಲದ್ರಾಗ. ನೀವಿದ್ದಲ್ಲಿ ಸಪ್ಪಳಾ ಇಲ್ಲದಂಗ ಇರಂಗೇ ಇಲ್ಲ! ನಿಮಗ ಹ್ಯಾಂಗ ಅಂಜಿಕಿ ಬರಬೇಕು?”

ಆಗಲೇ ಬಾಗಿಲು ತಾನಾಗಿ ತೆರೆಯಿತು. ಕತ್ತಲ ಕೋಣೆಯ ಹೊಸ್ತಿಲಲ್ಲಿ ಒಂದು ಆಕಾರ ನಿಂತಿತ್ತು. ತಲೆಯಿಂದ ಕಾಲಿನ ತನಕ ಬೂದಿ ಬಿಳುಪು. ರೆಪ್ಪೆಯೂ ಬಿಳಿ, ತುಟಿಯೂ ಬಿಳಿ; ಕಣ್ಣೆರಡು ಮಾತ್ರ ಕೆಂಪಗೆ ಮಿನುಗುತ್ತಿದ್ದವು. ಅದು ಬಾಯಿ ತೆರೆಯಿತು, ಬಾಯಿಂದ ಬಿಳಿ ಹೊಗೆಯಂಥದು ಬಂತು.

ಈ ಸಲದ ಕಿರುಚಾಟ ರೈಲು ಸ್ಟೇಷನ್ನಿನ ತನಕ ಕೇಳಿಸಿರಬೇಕು. ಸಾಬಣ್ಣನೂ ಮಂಚದ ಕೆಳಗೆ ಜಾಗ ಹುಡುಕಿದ. ಅಲ್ಲಿ ಚೌಡೇಶ “ಜಾಗಾ ಇಲ್ಲ, ಜಾಗಾ ಇಲ್ಲ” ಎಂದು ಬಸ್ಸಿನ ಕಂಡಕ್ಟರನಂತೆ ಒದರಿದ. ಸರ್ವರಬೇಗಂ ತನಗೆ ಗೊತ್ತಿದ್ದ ದುವಾವನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

“ಬಾ ಖಂಡೆಪ್ಪ, ಹಿಕ್, ಕುಂದ್ರು” ಎಂದ ಅಂಬರಾಯ.

ಖಂಡೆಪ್ಪ ಎದುರು ಮನೆಯವನು. ಸಿಮೆಂಟ್ ಚೀಲ ಲೋಡ್ ಮಾಡುವ ಕೆಲಸ. ಪಾಳಿ ಮುಗಿಸಿ ಬರುವಾಗ ದಿನವೂ ಹೀಗೆಯೇ ಬರುತ್ತಿದ್ದ. ಬೆಳಕಿನಲ್ಲಿ ನೋಡಿದ ಓಣಿಗೆ ಕತ್ತಲೆಯಲ್ಲಿ ಗುರುತು ಸಿಗಲಿಲ್ಲ, ಅಷ್ಟೇ. ಅವನು ಗಾಬರಿಯಾಗಿ ಕೆಮ್ಮುತ್ತ ಇನ್ನಷ್ಟು ಧೂಳು ಉಗುಳಿ, “ನನ್ನ ಮನಿ ಕೀಲಿ ಇಲ್ಲಿ ಕೊಟ್ಟು ಹೋಗ್ಯಾಳೇನ್ರಿ ನಮ್ಮಾಕಿ?” ಎಂದು ಕೇಳಿದ.

ಮೂರು ಗಂಟೆ ದಾಟಿತ್ತು. ಮಂಚದ ಕೆಳಗಿಂದ ಹೊರಬಂದ ಸಾಬಣ್ಣ ಶರ್ಟಿನ ಚಹಾ ಒರೆಸಿಕೊಳ್ಳುತ್ತ, “ಹಂಗಾರ ನಾ ಹೊಂಡಲಾ?” ಎಂದ. ಅಂಬರಾಯ ತಲೆ ಕೆಳಗೆ ಹಾಕಿದ. ಅಜ್ಜನ ದನಿ ನದಿ ದಾಟುತ್ತಿತ್ತು. ಮೊಮ್ಮಗನದು ಒಂದು ಬಿಕ್ಕಳಿಕೆ ದಾಟಲಿಲ್ಲ. ಅವನ ಕಣ್ಣಂಚು ಒದ್ದೆಯಾದದ್ದು ಕತ್ತಲೆಯಲ್ಲಿ ಯಾರಿಗೂ ಕಾಣಲಿಲ್ಲ.

ಆಗ ಬಾಗಿಲಲ್ಲಿ ಇನ್ನೊಂದು ಆಕಾರ ಬಂದು ನಿಂತಿತು. ಹಿಂದಿನಿಂದ ಬಿಸಿಲು, ಮುಖ ಕಾಣುತ್ತಿರಲಿಲ್ಲ. ಕೈಯಲ್ಲೊಂದು ಚೀಲ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, ಹಾಲಿಗೆ ಹೆಪ್ಪು ಹಾಕುವಷ್ಟು ನಿಧಾನವಾಗಿ ಕೇಳಿತು:

“ರೀ. ಶ್ರುತಿ ಅಂದ್ರ ಯಾರು?”

ಅಂಬರಾಯನ ಬಿಕ್ಕಳಿಕೆ ಅರ್ಧ ದಾರಿಯಲ್ಲಿ ನಿಂತು ಹಿಂದೆ ಹೋಯಿತು.

ಎಲ್ಲರೂ ಕಾದರು. ಗಡಿಯಾರ ಟಿಕ್ ಟಿಕ್ ಎಂದಿತು. ಬಿಕ್ಕಳಿಕೆ ಬರಲೇ ಇಲ್ಲ.

“ನಿಂತಾದ ನೋಡ್ರಿ!” ಸರ್ವರಬೇಗಂ ಚಪ್ಪಾಳೆ ತಟ್ಟಿದಳು. ಮಾಣಿಕಮ್ಮ ದೀಪ ಹಾಕಿ ಗೊಳ್ಳನೆ ನಕ್ಕಳು. ಕೈಯಲ್ಲಿದ್ದ ರೊಟ್ಟಿಯ ಚೀಲ ಎತ್ತಿ ತೋರಿಸಿದಳು. ಅದರ ಮೇಲೆ “ಶ್ರುತಿ ಸಾರಿ ಸೆಂಟರ್” ಎಂದು ದಪ್ಪಕ್ಷರದಲ್ಲಿತ್ತು. “ಇದರ ಮ್ಯಾಲಿಂದು ಓದಿ ಸುಮ್ನ ಕೇಳಿದೆ! ಅಂಜಲಿ ಅಂತ!”

ಚೌಡೇಶ ಅವಳ ಕಾಲಿಗೆ ಬೀಳುವುದೊಂದು ಬಾಕಿ. “ವೈನಿ, ಇಷ್ಟು ದೇಶದ ಡೈರೆಕ್ಟರ್ ಕೂಡಿ ಮಾಡಲಾರದ್ದು ನೀವು ಒಂದು ಮಾತಿನ್ಯಾಗ ಮಾಡಿದ್ರಿ! ಹಿಂದಿಂದ ಬೆಳಕು, ಮುಖ ಕಾಣಲಾರದು, ತಗ್ಗಿಸಿದ ದನಿ. ಇದು, ಇದು ಅಂಜಿಕಿ ಅಂದ್ರ!”

ಅಂಬರಾಯನೂ ನಕ್ಕ. ಅವನಿಗೆ ಗೊತ್ತಿದ್ದ ಶ್ರುತಿ ಎಂದರೆ ಭಜನಿಯವರ ಶ್ರುತಿ ಪೆಟ್ಟಿಗೆಯೊಂದೇ. ಎಲ್ಲರೂ ನಗುತ್ತಿರುವಾಗ ಮಾಣಿಕಮ್ಮನ ನಗು ಮಾತ್ರ ಒಲೆಯಿಂದ ಇಳಿಸಿದ ಹಾಲಿನಂತೆ ಮೆಲ್ಲಗೆ ಕೆಳಗೆ ಕುಳಿತಿತು.

“ನೋಡ್ರಿ,” ಎಂದಳು, “ಮುಂಜಾನಿಂದ ಇಷ್ಟು ದೆವ್ವ ನೋಡಿದ್ರಿ. ಅಂಜಲಿಲ್ಲ.”

“ಇಲ್ಲ. ಇಲ್ಲದ ದೆವ್ವಕ್ಕ ಯಾಕ ಅಂಜಬೇಕು?”

“ಹೌದಲ್ಲ? ಇಲ್ಲದ ದೆವ್ವಕ್ಕ ಅಂಜಲಿಲ್ಲ. ಇಲ್ಲದ ಶ್ರುತಿಗಿ ಯಾಕ ಅಂಜಿದ್ರಿ?”

ಕೋಣೆಯಲ್ಲಿ ನಗು ನಿಂತಿತು. ಖಂಡೆಪ್ಪ ಕೂಡ ಕೆಮ್ಮುವುದನ್ನು ನಿಲ್ಲಿಸಿದ.

“ಅದೂ ಅಲ್ಲದ,” ಮಾಣಿಕಮ್ಮ ಮುಂದುವರಿಸಿದಳು, “ಕೊಡ್ಲಿ ಅತ್ತಿ ಹೆಸರಿಗೆ ನಿಲ್ಲಲಿಲ್ಲ. ಮಾವನ ಹೆಸರಿಗೆ ನಿಲ್ಲಲಿಲ್ಲ. ಈ ಹೆಸರಿಗೆ ನಿಂತಾದ. ಅಂದ್ರ ನೆನಸಾಕತ್ತಾಕಿ ಯಾರು?”

“ಮಾಣಿಕಾ, ಅದು ಸೀರಿ ಅಂಗಡಿ!”

“ಸೀರಿ ಅಂಗಡಿ ನೆನಸ್ತದೇನ್ರಿ ಮನುಷ್ಯಾರನ್ನ?” ಎಂದು ಅವಳು ಚಪ್ಪಲಿ ಮೆಟ್ಟಿದಳು. “ನಡ್ರಿ. ನಾನೂ ಬರ್ತೀನಿ ಶಹಾಬಾದಿಗಿ.”

ಟಂಟಂ ಆಟೋದಲ್ಲಿ ಅವಳು ಮಾತಾಡಲಿಲ್ಲ. ಅಂಬರಾಯ ಕಲ್ಲಿನ ಗಣಿ ತೋರಿಸಿದ, ಅವಳು ನೋಡಿದಳು. ತೊಗರಿ ಹೂವಾಗಿದೆ ಎಂದ. ಅವಳು ಹೂಂ ಎಂದಳು. ಎದುರು ಸೀಟಿನಲ್ಲಿ ಸಾಬಣ್ಣ, ಅವನ ಪಕ್ಕದಲ್ಲಿ ಚೌಡೇಶ. ಮುಂದೇನಾಗುತ್ತದೋ ನೋಡಬೇಕೆಂದು ಅವನು ಅಂಗಡಿಯನ್ನೇ ಬಂದ್ ಮಾಡಿ ಬಂದಿದ್ದ. ಮಾಣಿಕಮ್ಮನ ಮೌನ ನೋಡಿ ಅವನು ಅಂಬರಾಯನ ಕಿವಿಯಲ್ಲಿ ಉಸುರಿದ: “ಅಣ್ಣಾ, ನಾ ಹೇಳಿದ್ದು ಇದೇ ನೋಡ್ರಿ. ಸಪ್ಪಳಾ ಇಲ್ಲ. ಬರೇ ಕಾಯಿಸೋದು.” ಅಂಬರಾಯನಿಗೆ ಆ ಚಳಿ ದೇಶದ ಕುರ್ಚಿ ಈಗ ಅರ್ಥವಾಯಿತು.

ಶಹಾಬಾದಿನ ಸ್ಟುಡಿಯೋ ಮದುವೆಯ ವಿಡಿಯೋ ಮಾಡುವಂಥದು. ರೆಕಾರ್ಡಿಂಗ್ ಕೋಣೆಯ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು, ಕಿಟಕಿಯಿರಲಿಲ್ಲ. ಕಸದ ಮೇಡಂ ಆಗಲೇ ಬಂದಿದ್ದರು. ಅಂಬರಾಯನನ್ನು ನೋಡಿದ್ದೇ ಮುಖ ಅರಳಿಸಿ ಎದ್ದು ನಿಂತರು.

“ಬಂದ್ರೇನ್ರಿ! ಎಷ್ಟು ಫೋನ್ ಮಾಡೀನಿ, ಬಂದ್ ಇಟ್ಟೀರಿ. ಮುಂಜಾನಿಂದ ನಿಮ್ಮನ್ನೇ ನೆನಸಾಕತ್ತಿದ್ದೆ ನೋಡ್ರಿ!”

ಅಂಬರಾಯ ಹೆಂಡತಿಯ ಕಡೆ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ. ಬೆನ್ನಿಗೆ ಮಾತ್ರ ಏನೋ ಬಿಸಿ ತಾಗಿದಂತಾಯಿತು.

“ಮೇಡಂ,” ಹಿಂದಿನಿಂದ ಮಾಣಿಕಮ್ಮ ಮೃದುವಾಗಿ ಕೇಳಿದಳು, “ನಿಮ್ಮ ಹೆಸರೇನ್ರಿ?”

ಆದರೆ ಸ್ಟುಡಿಯೋದವನು ಅವಸರದಲ್ಲಿದ್ದ. “ಸೈಲೆಂಟ್, ಸೈಲೆಂಟ್! ರೆಕಾರ್ಡಿಂಗ್ ಹಚ್ಚಾಕತ್ತೀನಿ” ಎಂದು ಅಂಬರಾಯನನ್ನು ಮೈಕಿನ ಮುಂದೆ ತಳ್ಳಿ, ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಆಮೇಲೆ ನೆನಪಾಗಿ ಫ್ಯಾನು ಬಂದ್ ಮಾಡಿದ.

ಮೇಡಂ ಮೈಕಿನಾಚೆ, ಅಂಬರಾಯನ ಎದುರಿಗೇ ನಿಂತಿದ್ದರು. ಅವರ ಕೊರಳಲ್ಲಿ ಆಫೀಸಿನ ಗುರುತಿನ ಕಾರ್ಡು ಜೋತಾಡುತ್ತಿತ್ತು. ಫ್ಯಾನಿನ ಗಾಳಿಗೆ ಅದು ಗಿರಗಿರ ತಿರುಗುತ್ತಿತ್ತು. ಫ್ಯಾನು ನಿಧಾನವಾದಂತೆ ಕಾರ್ಡೂ ನಿಧಾನವಾಯಿತು. ಬೆನ್ನು. ಮುಖ. ಬೆನ್ನು. ಅಂಬರಾಯ ಬಾಯಿ ತೆರೆದವನು ಅದನ್ನೇ ನೋಡುತ್ತ ನಿಂತ. ಬೇಡ ಬೇಡವೆಂದರೂ ಕಣ್ಣು ಅಲ್ಲೇ ನೆಟ್ಟಿತು. ಕಾರ್ಡು ಕೊನೆಯ ಸಲ ಅರ್ಧ ತಿರುಗಿ, ತುಸು ಅನುಮಾನಿಸಿ, ಮುಖ ಈ ಕಡೆ ಮಾಡಿ ನಿಂತಿತು.

ಫೋಟೋದ ಕೆಳಗೆ ಎರಡೇ ಅಕ್ಷರ. ಶ್ರುತಿ.

ಅಂಬರಾಯನ ಬಾಯಿಂದ ಮಾನ್ಯರೂ ಬರಲಿಲ್ಲ, ನಾಗರಿಕರೂ ಬರಲಿಲ್ಲ. ನಿಲ್ಲಿಸಲು ಬಿಕ್ಕಳಿಕೆ ಉಳಿದಿರಲಿಲ್ಲವಾದ್ದರಿಂದ ಅಂಜಿಕೆ ಕೈಗೆ ಸಿಕ್ಕ ದನಿಯನ್ನೇ ನಿಲ್ಲಿಸಿತು. ನದಿ ದಾಟುತ್ತಿದ್ದ ಅಜ್ಜನ ದನಿ ಹಲ್ಲು ದಾಟಲಿಲ್ಲ. ತೂತು ಬಿದ್ದ ಸೈಕಲ್ ಟ್ಯೂಬಿನಂತೆ ಒಂದು ಸುಯ್ ಎಂಬ ಗಾಳಿ ಬಂತು, ಅಷ್ಟೇ.

ಅವನ ಹೆಗಲ ಪಕ್ಕದಲ್ಲಿ ಮಾಣಿಕಮ್ಮ ಬಂದು ನಿಂತಿದ್ದಳು. ಅವಳೂ ಕಾರ್ಡು ಓದಿದ್ದಳು. ಅವಳು ಕೂಗಲಿಲ್ಲ. ಗಂಡನ ಕಿವಿಯ ಹತ್ತಿರ, ಅಂದರೆ ಮೈಕಿನ ಹತ್ತಿರ, ತಗ್ಗಿದ ದನಿಯಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದಳು:

“ಏನೇನ್ ಮುಚ್ಚಿಟ್ಟೀರಿ, ಎಲ್ಲಾ ಹೊರಗ ತಗೀರಿ. ಈಗ. ನಾ ಇಲ್ಲೇ ನಿಂತೀನಿ.”

ಸಾಬಣ್ಣ ತನಗರಿವಿಲ್ಲದೆ ಕಿಸೆಗೆ ಕೈ ಹಾಕಿ ಬೀಡಿ ಕಟ್ಟು ಹೊರಗೆ ತೆಗೆದ. ಸ್ಟುಡಿಯೋದವನು ಮೇಜಿನ ಖಾನೆಯಲ್ಲಿ ಬಚ್ಚಿಟ್ಟಿದ್ದ ಗುಟ್ಕಾ ಚೀಟಿಗಳನ್ನು ತಂದು ಮೇಜಿನ ಮೇಲಿಟ್ಟ. ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಮೇಡಂ ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದವರು ಒಮ್ಮೆಲೇ ಜಿಗಿದರು. “ಇದೇ! ಇದೇ ಬೇಕಾಗಿತ್ತು! ಇಷ್ಟು ದಿನ ಜನಕ್ಕ ಕೈ ಮುಗದು ಮುಗದು ಹೇಳಿದ್ವಿ, ಯಾರೂ ಕೇಳ್ಲಿಲ್ಲ. ಈ ದನಿ ಕೇಳಿ ನಂಗೇ ನನ್ನ ಚೀಲಾ ಬಿಚ್ಚಿ ತೋರ್ಸಬೇಕು ಅನ್ನಿಸ್ತು. ಅಕ್ಕಾ, ಮತ್ತೊಮ್ಮೆ ಹಂಗೇ ಹೇಳ್ರಿ. ಹಸೀದು ಬ್ಯಾರೆ, ಒಣೀದು ಬ್ಯಾರೆ ಅಂತ ಸೇರಿಸಿ ಹೇಳ್ರಿ.”

ಮಾಣಿಕಮ್ಮ ಸೆರಗು ಸರಿ ಮಾಡಿಕೊಂಡಳು. ಗಂಡನ ಮುಖ ನೋಡುತ್ತಲೇ ಹೇಳಿದಳು; ಇನ್ನೂ ಚೆನ್ನಾಗಿ ಬಂತು.

ಆಮೇಲೆ ಮೇಡಂ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಚಹಾ ಕುಡಿಸಿದರು. ಮುಂಜಾನೆಯ ಫೋನು ಯಾತಕ್ಕೆ, ದನಿ ಆರಿಸಿದ್ದು ಹೇಗೆ, ಎಲ್ಲವನ್ನೂ ಹೇಳಿದರು. ಮಾಣಿಕಮ್ಮ ಎಲ್ಲದಕ್ಕೂ ನಕ್ಕು ತಲೆಯಾಡಿಸಿದಳು. ನಂಬಿದಳೋ ಬಿಟ್ಟಳೋ ಅಂಬರಾಯನಿಗೆ ತಿಳಿಯಲಿಲ್ಲ. ತಿರುಗಿ ಬರುವಾಗ ಟಂಟಂದಲ್ಲಿ ಚೌಡೇಶನನ್ನು ಕೇಳಿದ. ಅವನು ಮೆಲ್ಲಗೆ, “ಒಳ್ಳೆ ಸಿನೆಮಾದಾಗ ದೆವ್ವ ಹೋತೋ ಇಲ್ಲೋ ಅಂತ ಕಡೀತನಾ ಹೇಳಂಗಿಲ್ಲಣ್ಣಾ” ಎಂದ.

ಈಗ ವಾಡಿಯಲ್ಲಿ ಕಸದ ಗಾಡಿ ಓಣಿಯ ತಿರುವಿಗೆ ಬಂದರೆ ಸಾಕು, ಜನ ಎರಡೆರಡು ಬಕೆಟ್ ಹಿಡಿದು ಬಾಗಿಲಿಗೆ ಓಡಿ ಬರುತ್ತಾರೆ. ಒಂದು ಬಾಳೆಹಣ್ಣಿನ ಸಿಪ್ಪೆ ಕೂಡ ತಪ್ಪಿದ ಬಕೆಟ್ಟಿಗೆ ಬೀಳುವುದಿಲ್ಲ. ಮಕ್ಕಳಿಗೆ ಬಿಕ್ಕಳಿಕೆ ಬಂದರೆ ಯಾರೂ ಸಕ್ಕರೆ ತಿನ್ನಿಸುವುದಿಲ್ಲ. ಎತ್ತಿಕೊಂಡು ಬಂದು ಗಾಡಿಯ ಹತ್ತಿರ ನಿಲ್ಲಿಸುತ್ತಾರೆ. ತಗ್ಗಿದ ದನಿಯಲ್ಲಿ “ನಾ ಇಲ್ಲೇ ನಿಂತೀನಿ” ಎಂದು ಕೇಳಿಸಿದ್ದೇ ಬಿಕ್ಕಳಿಕೆ ಮಾಯ. ಸರ್ವರಬೇಗಂ ಅದನ್ನು ಸೇಡಂ, ಚಿಂಚೋಳಿಯ ತನಕ ತನ್ನ ನೆಂಟರಿಗೆಲ್ಲ ಫೋನು ಮಾಡಿ ಕೇಳಿಸುತ್ತಾಳೆ.

ಊರಿಗೆಲ್ಲ ಹತ್ತಿದ ಮದ್ದು ಒಬ್ಬನಿಗೆ ಮಾತ್ರ ತಿರುಗಿ ಹೊಡೆಯುತ್ತದೆ. ಬೆಳಿಗ್ಗೆ ರೊಟ್ಟಿ ಮುರಿಯುತ್ತ ಕುಳಿತ ಅಂಬರಾಯನಿಗೆ ದೂರದಲ್ಲಿ ಗಾಡಿಯ ದನಿ ಕೇಳಿದ ಕೂಡಲೇ ಎದೆ ಝಲ್ ಎಂದು ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

“ಹಿಕ್!”

ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ. ಆಮೇಲೆ ಒಳಗಿನಿಂದ, ಗಾಡಿಯಲ್ಲಿ ಬರುವ ಅದೇ ದನಿ, ಅಷ್ಟೇ ತಗ್ಗಿ ಕೇಳುತ್ತದೆ:

“ಇವತ್ತು ಯಾರ್ ನೆನಸಾಕತ್ತಾರ್ರಿ?”